ಇಕಾನ್

ಮಲಯ ಭಾಷೆಯಲ್ಲಿ ಮೀನಿಗೆ ‘ಇಕಾನ್’ ಎಂದು ಹೆಸರು. ಇಂಡೋನೇಷ್ಯಾದಲ್ಲೂ ಇದೇ ಪದ. ದೂರದ ನ್ಯೂಜಿಲೆಂಡಿನ ಮಾವೊರಿಯ ‘ಇಕ’ ಇದರ ಬಳಗದ್ದೇ. ಮಲಯದಲ್ಲಿ ವಿಶೇಷಣ ನಾಮಪದದ ನಂತರ ಬರುತ್ತದೆ. ಹಾಗಾಗಿ ‘ಸುಟ್ಟ ಮೀನು’ ಅಲ್ಲಿ ‘ಇಕಾನ್ ಬಾಕಾರ್’, ಅಂದರೆ ‘ಮೀನು ಸುಟ್ಟ’. ಕರಿದದ್ದು ‘ಇಕಾನ್ ಗೋರೆಂಗ್’. ಜಾತಿಯ ಹೆಸರಿಗೂ ಇದೇ ಕ್ರಮ: ತೆಂಗಿನಹಾಲಿನಲ್ಲಿ ಬೇಯಿಸಿದ ಅನ್ನವಾದ ‘ನಾಸಿ ಲೆಮಾಕ್’ ಜೊತೆ ಹುರಿದು ಬಡಿಸುವ ಪುಟ್ಟ ಮೀನು ‘ಇಕಾನ್ ಬಿಲಿಸ್’, ನಮ್ಮ ಕರಾವಳಿಯ ಬಂಗುಡೆ ಅಲ್ಲಿ ‘ಇಕಾನ್ ಕೆಂಬುಂಗ್’. ಮೀನೇ ಅಲ್ಲದ ತಿಮಿಂಗಿಲವೂ ‘ಇಕಾನ್ ಪಾವುಸ್’! ಕನ್ನಡಿಗರಿಗೆ ಸ್ವಾರಸ್ಯವೆನಿಸುವುದು ‘ಕಾರಿ ಕೆಪಾಲಾ ಇಕಾನ್’, ಅಂದರೆ ಮೀನಿನ ತಲೆಯ ಸಾರು. ಇದರಲ್ಲಿ ‘ಕಾರಿ’ ತಮಿಳಿನದು, ತಲೆ ಎಂಬರ್ಥದ ‘ಕೆಪಾಲಾ’ ಸಂಸ್ಕೃತದ ಕಪಾಲ. ಮೂರರಲ್ಲಿ ಮಲಯದ ಸ್ವಂತದ್ದು ಮೀನೊಂದೇ.