ಪಿಡಿಎಫ್ ಪುಟದೊಳಗಿನ ಕನ್ನಡ

ಸಂಶೋಧನಾ ಲೇಖನವನ್ನು ಪತ್ರಿಕೆಗೋ ವಿಶ್ವವಿದ್ಯಾಲಯಕ್ಕೋ ಸಲ್ಲಿಸುವವರು ಕೊನೆಗೆ ಮಾಡುವ ಕೆಲಸ ಕಡತವನ್ನು ಪಿಡಿಎಫ್ ಮಾಡುವುದು. ಈಗ ಅದು ವಿದ್ವತ್ತಿನ ಸಹಜ ಉಡುಪಿನಂತೆ ಕಾಣುತ್ತದೆ. ಆದರೆ ಪಿಡಿಎಫ್ ಹುಟ್ಟಿದ್ದು ವಿದ್ವಾಂಸರಿಗಾಗಿ ಅಲ್ಲ, ಮುದ್ರಣಕ್ಕಾಗಿ. ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿದ್ದ ಜಾನ್ ವಾರ್ನಾಕ್ ಮತ್ತು ಚಾರ್ಲ್ಸ್ ಗೆಷ್ಕಿ 1982ರಲ್ಲಿ ಹೊರಬಂದು ಅಡೋಬಿ ಕಟ್ಟಿದರು. ಅವರ ಪೋಸ್ಟ್‌ಸ್ಕ್ರಿಪ್ಟ್ ಭಾಷೆ 1985ರಲ್ಲಿ ಆಪಲ್‌ನ ಲೇಸರ್‌ರೈಟರ್ ಪ್ರಿಂಟರಿನೊಂದಿಗೆ ಮಾರುಕಟ್ಟೆಗೆ ಬಂತು. ಹಾಳೆಯ ಯಾವ ಬಿಂದುವಿನಲ್ಲಿ ಯಾವ ಆಕಾರ ಕೂರಬೇಕು ಎಂದು ಯಂತ್ರಕ್ಕೆ ಹೇಳುವುದಷ್ಟೇ ಅದರ ಕೆಲಸ. ವಾರ್ನಾಕ್ 1991ರಲ್ಲಿ ‘ಕ್ಯಾಮೆಲಾಟ್’ ಹೆಸರಿನ ಯೋಜನೆ ಮುಂದಿಟ್ಟಾಗ ಬಯಸಿದ್ದೂ ಅದನ್ನೇ: ಯಾವ ಕಂಪ್ಯೂಟರಿನಲ್ಲಿ ತೆರೆದರೂ, ಯಾವ ಪ್ರಿಂಟರಿನಲ್ಲಿ ತೆಗೆದರೂ ಪುಟ ಒಂದೇ ಥರ ಕಾಣಬೇಕು. 1993ರಲ್ಲಿ ಬಂದ ಪಿಡಿಎಫ್ ಆ ಮಾತನ್ನು ಉಳಿಸಿಕೊಂಡಿತು. ಒಳಗಿನ ಬರಹವನ್ನು ಮತ್ತೊಂದು ತಂತ್ರಾಂಶ ಸರಿಯಾಗಿ ಓದಿಕೊಳ್ಳಬೇಕು ಎಂಬುದು ಆಗ ಮುಖ್ಯ ಗುರಿಯಾಗಿರಲಿಲ್ಲ. ಆ ಉಪೇಕ್ಷೆಯಿಂದ ಇಂಗ್ಲಿಷಿಗೆ ಆದ ನಷ್ಟ ಅಲ್ಪ. ಕನ್ನಡ ಅದಕ್ಕೆ ತೆತ್ತ ಬೆಲೆ ದೊಡ್ಡದು ಎನ್ನುವುದು ನನ್ನ ವಾದ.

ವಿದ್ವತ್ ಲೋಕ ಪಿಡಿಎಫ್ ಅನ್ನು ಮೊದಲಿಗೇನೂ ಅಪ್ಪಿಕೊಳ್ಳಲಿಲ್ಲ. ಡೊನಾಲ್ಡ್ ಕನೂತ್ 1970ರ ದಶಕದ ಕೊನೆಗೆ ರೂಪಿಸಿದ ಟೆಕ್ ಎಂಬ ಪುಟಜೋಡಣೆಯ ತಂತ್ರಾಂಶ ಗಣಿತಜ್ಞರ, ಭೌತವಿಜ್ಞಾನಿಗಳ ಕೈಗೆ ಆಗಲೇ ಒಗ್ಗಿಹೋಗಿತ್ತು. ಪಾಲ್ ಗಿನ್ಸ್‌ಪಾರ್ಗ್ 1991ರ ಆಗಸ್ಟ್‌ನಲ್ಲಿ ಲಾಸ್ ಅಲಮೋಸ್‌ನಲ್ಲಿ ಶುರುಮಾಡಿದ, ಇಂದು ಆರ್ಕೈವ್ ಎಂದು ಹೆಸರಾದ ಸಂಶೋಧನಾ ಲೇಖನಗಳ ಭಂಡಾರಕ್ಕೆ ಜನ ಕಳಿಸುತ್ತಿದ್ದದ್ದು ಟೆಕ್‌ನ ಮೂಲ ಬರಹವನ್ನೇ. ಆ ದಿನಗಳ ಪಿಡಿಎಫ್‌ನಲ್ಲಿ ಕನೂತರ ಚುಕ್ಕಿಚಿತ್ರದ ಫಾಂಟುಗಳು ಪರದೆಯ ಮೇಲೆ ಮಸುಕಾಗಿ ಕಾಣುತ್ತಿದ್ದವು. 1997ರಲ್ಲಿ ಅವೇ ಫಾಂಟುಗಳ ರೇಖಾರೂಪ ಅಮೆರಿಕದ ಗಣಿತ ಸಂಘದ ಮೂಲಕ ಮುಕ್ತವಾಗಿ ಸಿಕ್ಕಿತು. ಚೆಕ್ ದೇಶದ ಬರ್ನೋದಲ್ಲಿ ಓದುತ್ತಿದ್ದ ವಿಯೆಟ್ನಾಮಿನ ಹಾನ್ ಥೆ ಥಾನ್ ಟೆಕ್‌ನಿಂದ ನೇರವಾಗಿ ಪಿಡಿಎಫ್ ಹೊರಡಿಸುವ ದಾರಿ ಮಾಡಿಕೊಟ್ಟರು. ಆಮೇಲೆ ಸಮ್ಮೇಳನಗಳ, ಪತ್ರಿಕೆಗಳ ಸೂಚನಾಪಟ್ಟಿಗಳು ಉದ್ದವಾದವು: ಫಾಂಟುಗಳೆಲ್ಲ ಕಡತದೊಳಗೇ ಇರಲಿ, ಚುಕ್ಕಿಚಿತ್ರದ ಫಾಂಟು ಬೇಡ, ಅಂಚು ಇಷ್ಟಿರಲಿ, ಪುಟದಳತೆ ಇದೇ ಆಗಿರಲಿ. ಐಟ್ರಿಪಲ್‌ಇ ಸಂಸ್ಥೆಯ ‘ಪಿಡಿಎಫ್ ಎಕ್ಸ್‌ಪ್ರೆಸ್’ ಇಂಥ ತಪಾಸಣೆಗೆಂದೇ ಇರುವ ಸೇವೆ. ಇವೆಲ್ಲವೂ ಪುಟದ ನೋಟದ ಪರೀಕ್ಷೆಗಳು ಎಂಬುದನ್ನು ಗಮನಿಸಬೇಕು. ಇದಕ್ಕೆ ಹೊರತಾಗಿ ನಿಂತದ್ದು ಆರ್ಕೈವ್. ಟೆಕ್‌ನಲ್ಲಿ ಬರೆದಿದ್ದರೆ ಪಿಡಿಎಫ್ ಬೇಡ, ಮೂಲವನ್ನೇ ಕೊಡಿ ಎಂದು ಅದು ಪಟ್ಟು ಹಿಡಿಯಿತು. ಮೂಲ ಕೈಯಲ್ಲಿದ್ದರೆ ಮುಂದೆ ಬರುವ ಯಾವ ರೂಪಕ್ಕಾದರೂ ಹೊಂದಿಸಿಕೊಳ್ಳಬಹುದು ಎಂಬ ಮುಂದಾಲೋಚನೆ ಅದರಲ್ಲಿತ್ತು.

ಕನ್ನಡದಲ್ಲಿ ಹೀಗೆ ಪಟ್ಟು ಹಿಡಿದವರು ಯಾರೂ ಕಾಣುವುದಿಲ್ಲ. ಅಕ್ಷರಕ್ಕೊಂದು ಸಂಕೇತ ನಿಗದಿಮಾಡುವ ಯೂನಿಕೋಡ್ ಮಾನಕದ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು, ನಿಜ. ಆದರೆ ನಮ್ಮ ಡಿಟಿಪಿ ಅಂಗಡಿಗಳಲ್ಲಿ ಪೇಜ್‌ಮೇಕರ್ ಆಳುತ್ತಿದ್ದ ಕಾಲಕ್ಕೆ ಬಳಕೆಯಲ್ಲಿದ್ದವು ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಹಳೆಯ ಬಗೆಯ ಫಾಂಟುಗಳು. ಅವು ರೋಮನ್ ಅಕ್ಷರಗಳಿಗೆ, ಚಿಹ್ನೆಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅರ್ಥವಿಲ್ಲದ ರೋಮನ್ ಸಾಲು. 2009ರ ಯುಜಿಸಿ ನಿಯಮಾವಳಿ ಪಿಎಚ್‌ಡಿ ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಕಡ್ಡಾಯ ಮಾಡಿತು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾ ಆ ಪ್ರತಿಗಳ ಮನೆಯಾಯಿತು. ಹಳೆಯ ಫಾಂಟಿನಲ್ಲಿ ಕೂಡಿಸಿದ ಪ್ರಬಂಧವೂ ಪಿಡಿಎಫ್ ಆದಮೇಲೆ ಲಕ್ಷಣವಾಗಿಯೇ ಕಾಣುತ್ತದೆ. ಅದರ ಒಂದು ಸಾಲನ್ನು ನಕಲಿಸಿ ಬೇರೆಡೆ ಅಂಟಿಸಿದರೆ ಬರುವುದು ಕಲಸುಮೇಲೋಗರ. ಹುಡುಕಾಟಕ್ಕೆ ಅದು ಸಿಗದು. ಅಂಧ ವಿದ್ಯಾರ್ಥಿಯ ಓದುತಂತ್ರಾಂಶ ಅದನ್ನು ಉಚ್ಚರಿಸಲಾರದು. ಕೃತಿಚೌರ್ಯ ಪತ್ತೆಮಾಡುವ ತಂತ್ರಾಂಶಕ್ಕಂತೂ ಅಂಥ ಪ್ರಬಂಧ ಸದಾ ಸ್ವಂತದ್ದೇ!

ಇದು ಫಾಂಟಿನ ತಪ್ಪು, ಪಿಡಿಎಫ್ ಅನ್ನು ದೂರುವುದೇಕೆ ಎಂದು ಕೇಳಬಹುದು. ಅರ್ಧ ಒಪ್ಪುತ್ತೇನೆ. ಉಳಿದರ್ಧಕ್ಕೆ ‘ಧರ್ಮ’ ಎಂಬ ಪದವೇ ಸಾಕ್ಷಿ. ಯೂನಿಕೋಡ್‌ನಲ್ಲಿ ಇದರ ಕ್ರಮ ಉಚ್ಚಾರಣೆಯದೇ: ಧ, ರ, ಹಲಂತ, ಮ. ಪುಟದ ಮೇಲೆ ಮಾತ್ರ ಮೊದಲು ಧ, ಆಮೇಲೆ ಮ, ಅದರ ಬಲಕ್ಕೆ ಅರ್ಕಾವೊತ್ತು. ಪಿಡಿಎಫ್ ಸಾಮಾನ್ಯವಾಗಿ ಹಿಡಿದಿಡುವುದು ಈ ಎರಡನೆಯ ಕ್ರಮವನ್ನು. ಒಂದೊಂದು ಆಕಾರಕ್ಕೂ ಯೂನಿಕೋಡ್ ಸಂಕೇತ ಹೊಂದಿಸುವ ಕೋಷ್ಟಕವನ್ನು ಕಡತದೊಳಗೆ ಇಡಬಹುದಾದರೂ, ಸ್ಥಾನಪಲ್ಲಟವಾದ ರಕಾರವನ್ನು ಅದೊಂದೇ ಹಿಂದಕ್ಕೆ ತರಲಾರದು. ಪದದ ಅಸಲು ರೂಪವನ್ನು ಆಕಾರಗಳ ಜೊತೆಗೇ ಬರೆದಿಡುವ ಸೌಲಭ್ಯ 2001ರ 1.4ನೆಯ ಆವೃತ್ತಿಯಲ್ಲೇ ಬಂದಿದೆ, ಆದರೆ ಪರಿವರ್ತಕ ತಂತ್ರಾಂಶಗಳೆಲ್ಲ ಅದನ್ನು ಬಳಸುವುದಿಲ್ಲ. ದೀರ್ಘಕಾಲದ ಸಂಗ್ರಹಕ್ಕೆಂದೇ 2005ರಲ್ಲಿ ರೂಪಿಸಿದ ಪಿಡಿಎಫ್/ಎ ಮಾನಕದ ಕೆಳಗಿನ ಮಟ್ಟಕ್ಕೆ ನೋಟವೊಂದು ಸರಿಯಿದ್ದರೆ ಸಾಕು. ಯೂನಿಕೋಡ್ ಹೊಂದಿಕೆಯನ್ನೇ ಕೇಳುವ ಪ್ರತ್ಯೇಕ ಮಟ್ಟ ಸೇರಿದ್ದು 2011ರಲ್ಲಿ. ಅಲ್ಲೂ ತಪಾಸಣಾ ಯಂತ್ರ ನೋಡುವುದು ಹೊಂದಿಕೆ ಇದೆಯೇ ಎಂದು, ಅದು ಸರಿಯೇ ಎಂದಲ್ಲ.

ಹಿಂದಿನ ಕಾಗದದ ಪ್ರಬಂಧವನ್ನೂ ಯಾರೂ ಹೀಗೆ ಹುಡುಕುತ್ತಿರಲಿಲ್ಲ, ಈಗ ಓಸಿಆರ್ ಬಂದಿದೆ, ಚಿತ್ರದಿಂದಲೇ ಅಕ್ಷರ ಗುರುತಿಸಿಕೊಳ್ಳಬಹುದಲ್ಲ ಎನ್ನುವವರಿದ್ದಾರೆ. ಕಾಗದ ಹುಡುಕಾಟದ ಭರವಸೆ ಕೊಟ್ಟಿರಲಿಲ್ಲ. ವಿದ್ಯುನ್ಮಾನ ಪ್ರತಿಯನ್ನು ಕಡ್ಡಾಯ ಮಾಡಿದ್ದೇ ಎಲ್ಲರಿಗೂ ಸಿಗಲಿ, ನಕಲು ಪತ್ತೆಯಾಗಲಿ ಎಂದು. ಓಸಿಆರ್ ಸುಧಾರಿಸಿರುವುದೂ ಹೌದು, ಒತ್ತಕ್ಷರಗಳಲ್ಲಿ ಅದು ಈಗಲೂ ಎಡವುವುದೂ ಹೌದು. ಅದಕ್ಕಿಂತ ಹೆಚ್ಚಾಗಿ, ಕೀಲಿಮಣೆಯಲ್ಲಿ ಒಂದೊಂದಾಗಿ ಒತ್ತಿದ ಅಕ್ಷರಗಳನ್ನು ಚಿತ್ರವಾಗಿಸಿ, ಆ ಚಿತ್ರದಿಂದ ಮತ್ತೆ ಅಕ್ಷರ ಹೆಕ್ಕುವುದು ವೃಥಾ ಶ್ರಮ. ಓದುವುದಕ್ಕೆ ಪಿಡಿಎಫ್ ಇರಲಿ. ಅದರ ಜೊತೆ ಯೂನಿಕೋಡ್‌ನಲ್ಲಿರುವ ಮೂಲ ಕಡತವನ್ನೂ ವಿಶ್ವವಿದ್ಯಾಲಯಗಳು ಕೇಳಿ ಪಡೆಯಬೇಕು. ಆ ನಿಯಮ ಬರುವವರೆಗೆ, ಪ್ರಬಂಧ ಸಲ್ಲಿಸುವವರು ತಮ್ಮ ಪಿಡಿಎಫ್‌ನಿಂದ ಅರ್ಕಾವೊತ್ತು ಇರುವ ಒಂದು ಪ್ಯಾರಾವನ್ನು ನೋಟ್‌ಪ್ಯಾಡಿಗೆ ನಕಲಿಸಿ ನೋಡಿ. ಅಲ್ಲಿ ‘ಧರ್ಮ’ ಧರ್ಮವಾಗಿ ಬರದಿದ್ದರೆ ಆ ಕಡತವನ್ನು ಸಲ್ಲಿಸಬೇಡಿ.