ಲೆಕ್ಕದ ಗ್ರಂಥಾಲಯಗಳು: ಐವತ್ತು ವರ್ಷಗಳ ಕಥೆ



2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳ ಪೈಕಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ಒಂದು ವಾರದಲ್ಲಿ ಅದೇ ಕಿಂಡಿಗೆ ಬೇರೊಂದು ತಾತ್ಕಾಲಿಕ ಗೇಟನ್ನು ಇಳಿಸಿದರು. ಅಣೆಕಟ್ಟೆಯನ್ನು ಬದಲಿಸಬೇಕಾಗಲಿಲ್ಲ, ಹೊಸ ಗೇಟು ಕಿಂಡಿಯ ಅಳತೆಗೆ ಹೊಂದಬೇಕಿತ್ತು, ಅಷ್ಟೆ. ಗಣಕಯಂತ್ರದ ಲೆಕ್ಕಗಳಲ್ಲಿಯೂ ಇಂಥ ಒಂದು ಕಿಂಡಿಯಿದೆ. ಅದರ ಹೆಸರು ಬ್ಲಾಸ್.

1970ರ ದಶಕದಲ್ಲಿ ಅನೇಕ ವಿಜ್ಞಾನಿಗಳು ಮಾತೃಕೆಗಳ ಗುಣಾಕಾರಕ್ಕೆ ತಮ್ಮದೇ ಪ್ರೋಗ್ರಾಮು ಬರೆದುಕೊಳ್ಳುತ್ತಿದ್ದರು. ಯಂತ್ರ ಬದಲಾದರೆ ಮತ್ತೆ ಮೊದಲಿನಿಂದ! ಈ ತೊಂದರೆಗೆ ಲಾಸನ್, ಹ್ಯಾನ್ಸನ್, ಕಿಂಕೇಡ್ ಮತ್ತು ಕ್ರೋ 1979ರಲ್ಲಿ ಪ್ರಕಟಿಸಿದ ಪ್ರಬಂಧ ಒಂದು ಪರಿಹಾರ ಕೊಟ್ಟಿತು. ಫೋರ್ಟ್ರಾನ್ ಭಾಷೆಯಲ್ಲಿ ಈ ಕೆಲಸಕ್ಕೆ ಈ ಹೆಸರು, ಕೊಡಬೇಕಾದ ಸಂಖ್ಯೆಗಳು ಈ ಕ್ರಮದಲ್ಲಿ ಎಂದು ಅವರು ಗೊತ್ತುಮಾಡಿದರು. ಒಳಗಿನ ಕೆಲಸವನ್ನು ಹೇಗೆ ಮಾಡಬೇಕೆಂಬುದನ್ನು ಮಾತ್ರ ಬರೆಯುವವರಿಗೇ ಬಿಟ್ಟರು. ನನ್ನ ದೃಷ್ಟಿಯಲ್ಲಿ ಅವರ ಜಾಣತನವೆಲ್ಲ ಈ ಬಿಟ್ಟುಕೊಡುವುದರಲ್ಲೇ ಇದೆ.

ಮಾತೃಕೆಗಳನ್ನೇ ಗುಣಿಸುವ ಮೂರನೆಯ ಹಂತ 1990ರಲ್ಲಿ ಸೇರಿತು. ಸಾವಿರ ಸಾಲು, ಸಾವಿರ ಕಂಬಗಳ ಎರಡು ಮಾತೃಕೆಗಳನ್ನು ಸಾಮಾನ್ಯ ವಿಧಾನದಲ್ಲಿ ಗುಣಿಸಲು ನೂರು ಕೋಟಿ ಗುಣಾಕಾರಗಳು ಬೇಕು. ಇಲ್ಲಿ ಹೊತ್ತು ತಿನ್ನುವುದು ಗುಣಾಕಾರಕ್ಕಿಂತ ಹೆಚ್ಚಾಗಿ ಸಂಖ್ಯೆಗಳನ್ನು ಸ್ಮೃತಿಯಿಂದ ತರುವ ಓಡಾಟ. ಕಂಪ್ಲಿಯ ಗದ್ದೆಯಿಂದ ಕಬ್ಬನ್ನು ಒಂದೊಂದೇ ಜಲ್ಲೆಯಾಗಿ ಹೊತ್ತು ತರುವವರುಂಟೆ? ಬಂಡಿ ತುಂಬಿಯೇ ತರುತ್ತಾರೆ. ಹಾಗೆಯೇ ಸಂಖ್ಯೆಗಳನ್ನು ಕಟ್ಟುಕಟ್ಟಾಗಿ ಹತ್ತಿರಕ್ಕೆ ತಂದು, ತಂದದ್ದನ್ನು ಮತ್ತೆ ಮತ್ತೆ ಬಳಸುವ ಗ್ರಂಥಾಲಯಗಳು ಬಂದವು. ಅಮೆರಿಕದ ಟೆನೆಸಿಯಲ್ಲಿ ಅಟ್ಲಾಸ್ ಹುಟ್ಟಿತು. ಜಪಾನಿನ ಕಜುಶಿಗೆ ಗೋಟೊ ಅವರು ಯಂತ್ರಭಾಷೆಗೆ ಸಮೀಪವಾದ ಅಸೆಂಬ್ಲಿಯಲ್ಲಿ ಕೈಯಿಂದಲೇ ಬರೆದು ಗೋಟೊಬ್ಲಾಸ್ ರೂಪಿಸಿದರು. ಅದರ ಮುಂದುವರಿಕೆಯೇ 2011ರಲ್ಲಿ ಚೀನಾದಲ್ಲಿ ಆರಂಭವಾದ ಓಪನ್‌ಬ್ಲಾಸ್. ಇಂಟೆಲ್ ಕಂಪನಿಯದೂ ಒಂದಿದೆ.

ಲಿನಕ್ಸ್ ವ್ಯವಸ್ಥೆಯಲ್ಲಿ ಇವುಗಳ ನಡುವೆ ಬದಲಾಯಿಸುವುದು ಬಲು ಸರಳ. ಡೆಬಿಯನ್, ಉಬುಂಟುಗಳಲ್ಲಿ ಪ್ರೋಗ್ರಾಮು ಕೇಳುವುದು ಒಂದು ಸಾಮಾನ್ಯ ಹೆಸರಿನ ಕಡತವನ್ನು. ಆ ಹೆಸರಿನಲ್ಲಿರುವುದು ಬರಿಯ ಕೊಂಡಿ. ಅದು ನಿಜವಾದ ಗ್ರಂಥಾಲಯದತ್ತ ಬೆರಳು ತೋರುತ್ತದೆ. ಅಪ್‌ಡೇಟ್-ಆಲ್ಟರ್ನೇಟಿವ್ಸ್ ಎಂಬ ಆಜ್ಞೆ ಆ ಬೆರಳನ್ನು ಬೇರೆಡೆಗೆ ತಿರುಗಿಸುತ್ತದೆ. ಪ್ರೋಗ್ರಾಮನ್ನು ಮತ್ತೆ ಕಂಪೈಲ್ ಮಾಡಬೇಕಿಲ್ಲ. ಮುಂದಿನ ಸಲ ನಡೆಸಿದಾಗ ಹೊಸ ಗ್ರಂಥಾಲಯ ಕೆಲಸಕ್ಕಿಳಿಯುತ್ತದೆ.

ಉತ್ತರ ಅದೇ ಬರುವುದೆ? ಬಹುಮಟ್ಟಿಗೆ, ಹೌದು. ಆದರೆ ಕೊನೆಯ ಅಂಕಿಗಳನ್ನು ನೋಡಿ. ಗಣಕದಲ್ಲಿ 0.1ಕ್ಕೆ 0.2 ಕೂಡಿಸಿ, ಆಮೇಲೆ 0.3 ಸೇರಿಸಿದರೆ 0.6000000000000001 ಬರುತ್ತದೆ. ಮೊದಲು 0.2, 0.3 ಕೂಡಿಸಿ ಅದಕ್ಕೆ 0.1 ಸೇರಿಸಿದರೆ 0.6. ಒಂದೊಂದು ಗ್ರಂಥಾಲಯ ಒಂದೊಂದು ಕ್ರಮದಲ್ಲಿ ಕೂಡಿಸುವುದರಿಂದ ಈ ವ್ಯತ್ಯಾಸ. ಸೇತುವೆಯ ಲೆಕ್ಕಕ್ಕೆ ಇದು ಸಾಮಾನ್ಯವಾಗಿ ನಗಣ್ಯ. ಹವಾಮಾನದ ಲೆಕ್ಕ ಹಾಗಲ್ಲ. 1961ರಲ್ಲಿ ಎಡ್ವರ್ಡ್ ಲೊರೆಂಜ್ 0.506127ರ ಬದಲು 0.506 ಎಂದು ಕೊಟ್ಟಾಗ, ಕೊನೆಗೆ ಅವರ ಹವಾಮಾನವೇ ಬೇರೆಯಾಗಿತ್ತು. ಆದ್ದರಿಂದ ಸಂಶೋಧಕರು ಫಲಿತಾಂಶದ ಜೊತೆಗೆ ಯಾವ ಗ್ರಂಥಾಲಯ, ಯಾವ ಆವೃತ್ತಿ ಎಂಬುದನ್ನೂ ಬರೆದಿಡುತ್ತಾರೆ.

ನಿಮ್ಮ ಕಾಲೇಜಿನ ಲ್ಯಾಬಿನಲ್ಲಿ ಪೈಥಾನ್ ಇದ್ದರೆ, ನಂಪೈಯ ಶೋ-ಕಾನ್ಫಿಗ್ ಆಜ್ಞೆ ಕೊಟ್ಟು ನೋಡಿ. ಅದು ಯಾವ ಗ್ರಂಥಾಲಯವನ್ನು ನಂಬಿದೆಯೆಂದು ತಿಳಿಯುತ್ತದೆ. ಒಂದು ಮಾತು: ಪಿಪ್ ಮೂಲಕ ಹಾಕಿಕೊಂಡ ನಂಪೈ ಸಾಮಾನ್ಯವಾಗಿ ತನ್ನ ಓಪನ್‌ಬ್ಲಾಸನ್ನು ಬುತ್ತಿಯಂತೆ ಜೊತೆಗೇ ಕಟ್ಟಿಕೊಂಡು ಬರುತ್ತದೆ. ಹಾಗಿದ್ದರೆ ನೀವು ಎಷ್ಟೇ ಕೊಂಡಿ ತಿರುಗಿಸಿದರೂ ಅದು ಕಿವಿಗೊಡುವುದಿಲ್ಲ.