ಸತ್ತ ಮಂಗ ಕೊಡುವ ಸುದ್ದಿ

ಕುಪ್ಪಗಡ್ಡೆಯಿಂದ ಮಾತಾಡ್ತಿದೀನಿ. ಮನೆಯವರನ್ನ ವಿಪತ್ತಿಗೆ ತಯಾರು ಮಾಡೋದು ಹೇಗೆ ಅಂತ ಹುಡುಕಿದ್ರೆ ಫೋನಲ್ಲಿ ಭೂಕಂಪ, ಚಂಡಮಾರುತದ ವಿಡಿಯೋಗಳೇ ಬರ್ತವೆ. ನಮ್ಮ ಸೊರಬ ತಾಲ್ಲೂಕಿನ ವಿಪತ್ತು ಸದ್ದು ಮಾಡಲ್ಲ. ಆದ್ರೆ ಪ್ರಪಂಚದ ವೈದ್ಯಕೀಯ ಪುಸ್ತಕಗಳಲ್ಲಿ ಅದಕ್ಕೆ ನಮ್ಮ ಕಡೆಯ ಹೆಸರೇ ಇದೆ: ಕ್ಯಾಸನೂರು ಕಾಡಿನ ಕಾಯಿಲೆ. ನಾವು ಮಂಗನ ಕಾಯಿಲೆ ಅಂತೀವಿ.

1957ರ ಬೇಸಿಗೆ. ಇದೇ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮುಸುವ, ಮಂಗಗಳು ಸಾಯೋಕೆ ಶುರುವಾದ್ವು. ಸುತ್ತಲಿನ ಹಳ್ಳಿಗಳಲ್ಲಿ ಜನಕ್ಕೆ ವಿಪರೀತ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದ್ರು. ಆಫ್ರಿಕಾದ ಹಳದಿ ಜ್ವರ ಭಾರತಕ್ಕೂ ಬಂತಾ ಅನ್ನೋದು ಅವರ ಮೊದಲ ಭಯ. ಪರೀಕ್ಷೆ ಮಾಡಿದ್ರೆ ಸಿಕ್ಕಿದ್ದು ಹೊಸ ವೈರಸ್, ರಷ್ಯಾದ ಒಂದು ಮಿದುಳು ಜ್ವರದ ವೈರಸ್‌ಗೆ ಹತ್ತಿರದ್ದು. ಎರಡನ್ನೂ ಹರಡೋದು ಉಣುಗು, ಅಂದ್ರೆ ಉಣ್ಣೆ. ಮಂಗ ಸತ್ತ ಮೇಲೆ ಅದರ ಮೈಮೇಲಿನ ಉಣುಗು ಕೆಳಗೆ ಉದುರಿ ಬೇರೆ ಮೈ ಹುಡುಕುತ್ತೆ. ಸೌದೆಗೋ ತರಗೆಲೆಗೋ ಹೋದವರು ಸಿಕ್ಕಿಬೀಳ್ತಾರೆ.

ಈ ವಿಪತ್ತಿಗೆ ಕ್ಯಾಲೆಂಡರ್ ಇದೆ, ಡಿಸೆಂಬರಿಂದ ಮೇ. ಮುಂಚೆನೇ ಸುದ್ದಿ ಕೊಡೋಕೆ ಸತ್ತ ಮಂಗ ಇದೆ. 1957ರ ಮನೆಗಳಿಗೆ ಆ ಸುದ್ದಿ ಓದೋಕೆ ಗೊತ್ತಿರಲಿಲ್ಲ, ಅದು ಅವರ ತಪ್ಪಲ್ಲ. ನಮಗೆ ಗೊತ್ತು. ಆದ್ರೂ 2019ರಲ್ಲಿ ಪಕ್ಕದ ಸಾಗರ ತಾಲ್ಲೂಕಿನ ಅರಳಗೋಡಲ್ಲಿ ಮತ್ತೆ ಸಾವುಗಳಾದವು. ಕಾಯಿಲೆ ಬಂದ ನೂರು ಜನರಲ್ಲಿ ಮೂರರಿಂದ ಐದು ಮಂದಿ ಸಾಯ್ತಾರೆ. ಇದಕ್ಕೇ ಅಂತ ಔಷಧಿ ಇಲ್ಲ. ದಶಕಗಳ ಕಾಲ ಕೊಟ್ಟ ಲಸಿಕೆ ಸಾಕಷ್ಟು ರಕ್ಷಣೆ ಕೊಡ್ತಿಲ್ಲ ಅಂತ ಗೊತ್ತಾಗಿ 2022ರಲ್ಲಿ ನಿಂತಿತು.

ನಾನು ಕಾಮರ್ಸ್ ಓದಿದವನು, ಲೆಕ್ಕದಲ್ಲೇ ಹೇಳ್ತೀನಿ. ‘ಕಾಡಿಗೆ ಹೋಗಬೇಡಿ’ ಅನ್ನೋ ಪೋಸ್ಟರ್‌ಗೆ ಖರ್ಚಿಲ್ಲ. ಆದ್ರೆ ಅದನ್ನ ಪಾಲಿಸಿದ್ರೆ ತೋಟಕ್ಕೆ ಗೊಬ್ಬರ ಇಲ್ಲ, ಒಲೆಗೆ ಸೌದೆ ಇಲ್ಲ. ‘ನಾನು ಸಣ್ಣವಳಿದ್ದಾಗಿಂದ ಹೋಗ್ತಿದೀನಿ’ ಅನ್ನೋ ಅಜ್ಜಿ ಹತ್ರ ಜಗಳ ಆಡಿ ಪ್ರಯೋಜನ ಇಲ್ಲ. ದೀಪಾವಳಿಗೆ ಎಲ್ಲರೂ ಸೇರಿದಾಗಲೇ ಕೂತು ಮಾತಾಡಿ: ಈ ಸಲ ಯಾರು ಹೋಗ್ತಾರೆ, ಯಾವ ಕಡೆ ಹೋಗ್ತಾರೆ. ಹೋಗುವವರು ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿಕೊಂಡು, ಮೈ ತುಂಬ ಬಟ್ಟೆ ಹಾಕಿಕೊಂಡು ಹೋಗಲಿ. ಬಂದ ಕೂಡಲೇ ಬಿಸಿನೀರ ಸ್ನಾನ, ಬಟ್ಟೆಯೂ ಬಿಸಿನೀರಿಗೆ.

ಇನ್ನೊಂದು ಮಾತು ಮನಸ್ಸಿಗೆ ಸಂಬಂಧಪಟ್ಟದ್ದು. ಇದು ಮನುಷ್ಯರಿಂದ ಮನುಷ್ಯರಿಗೆ ಹರಡಲ್ಲ. ಜ್ವರ ಬಂದವರ ಪಕ್ಕ ಕೂತು ಗಂಜಿ ಕುಡಿಸಬಹುದು, ಕೈ ಹಿಡ್ಕೋಬಹುದು. ಜ್ವರ ಬಿಟ್ಟಿತು ಅಂತ ಮರುದಿನವೇ ಕೆಲಸಕ್ಕೆ ಕಳಿಸಬೇಡಿ. ಕೆಲವರಿಗೆ ಒಂದೆರಡು ವಾರದಲ್ಲಿ ಮತ್ತೆ ಬರುತ್ತೆ, ಆಗ ಮಿದುಳಿಗೆ ತೊಂದರೆ ಕೊಡುತ್ತೆ.

ಸತ್ತ ಮಂಗ ಕಂಡ್ರೆ ಹತ್ರ ಹೋಗಿ ಫೋಟೋ ತೆಗೀಬೇಡಿ. ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಫೋನ್ ಮಾಡಿ. ಆ ನಂಬರನ್ನ ಇವತ್ತೇ ಅಜ್ಜಿಯ ಫೋನಲ್ಲೂ ಹಾಕಿಕೊಡಿ.